ಬಿಸಿನೀರು ಟ್ಯಾಂಕಿನಲ್ಲಿತ್ತು, ನಲ್ಲಿಗೆ ಬರುತ್ತಿರಲಿಲ್ಲ

ಕೋಲಾರದಲ್ಲಿ ಸೋಲಾರ್ ಕೈಕೊಟ್ಟರೆ ಎಲ್ಲರದೂ ಒಂದೇ ಮಾತು: "ಉಪ್ಪು ಕಟ್ಟಿರುತ್ತೆ ಸಾರ್." ನಮ್ಮ ಬೋರ್‌ವೆಲ್ ನೀರಿನ ಗುಣ ಗೊತ್ತಿದ್ದವರು ಹಾಗೆ ಅನ್ನುವುದರಲ್ಲಿ ತಪ್ಪೇನಿಲ್ಲ. ನಲ್ಲಿಯ ಬಾಯಲ್ಲಿ, ಇಡ್ಲಿ ಪಾತ್ರೆಯ ತಳದಲ್ಲಿ ಬಿಳಿ ಪೊರೆ ಕಾಣದ ಮನೆ ಇಲ್ಲಿ ಸಿಗುವುದು ಕಷ್ಟ. ಆದರೆ ಉಪ್ಪು ಕಟ್ಟುವುದು ನಿಧಾನದ ಕೆಲಸ. ನಿನ್ನೆ ಕೈ ಸುಡುವಂತೆ ಬಂದ ನೀರು ಇವತ್ತು ತಣ್ಣಗೆ ಬಂತೆಂದರೆ ಬೇರೇನೋ ಆಗಿದೆ. ಧನುರ್ಮಾಸದ ಚಳಿಯಲ್ಲಿ ನಮ್ಮ ಮನೆಯಲ್ಲಿ ಆಗಿದ್ದು ಅದೇ.

ನಮ್ಮದು ಗಾಜಿನ ಟ್ಯೂಬಿನ 200 ಲೀಟರ್ ಸೋಲಾರ್. ಕೆಳಗೆ ನಾವು, ಮೇಲೆ ಬಾಡಿಗೆಯವರು, ಎರಡೂ ಮನೆಗೆ ಅದೊಂದೇ. ಹಾಕಿಕೊಟ್ಟವರಿಗೆ ಫೋನ್ ಮಾಡಿದರೆ, ಬಂದು ನೋಡುವ ಮೊದಲೇ "ಟ್ಯೂಬ್ ಹೋಗಿರುತ್ತೆ, ಜೊತೆಗೆ ಉಪ್ಪು ತೆಗೆಯೋಕೆ ಆ್ಯಸಿಡ್ ವಾಷ್ ಮಾಡಿಸಿಬಿಡಿ" ಅಂದರು. ಬಿಸಿಲು ಚೆನ್ನಾಗಿಯೇ ಇತ್ತು. ದುಡ್ಡು ಬಿಚ್ಚುವ ಮೊದಲು ಒಂದು ವಿಷಯ ಇತ್ಯರ್ಥವಾಗಬೇಕಿತ್ತು: ನೀರು ಕಾಯುತ್ತಲೇ ಇಲ್ಲವೋ, ಕಾದದ್ದು ಕೆಳಗೆ ಬರುತ್ತಿಲ್ಲವೋ?

ಮಧ್ಯಾಹ್ನ ಊಟವಾದ ಮೇಲೆ ತಾರಸಿ ಹತ್ತಿದೆ. ಟ್ಯೂಬ್ ಮುಟ್ಟಿ ನೋಡಿ "ತಣ್ಣಗಿದೆ, ಕೆಟ್ಟಿದೆ" ಅನ್ನುವವರಿದ್ದಾರೆ. ಅದು ಉಲ್ಟಾ. ಎರಡು ಗಾಜಿನ ನಡುವೆ ಗಾಳಿ ತೆಗೆದಿರುವುದರಿಂದ ಸರಿಯಾಗಿರುವ ಟ್ಯೂಬಿನ ಹೊರಮೈ ಬಿಸಿಯಾಗುವುದಿಲ್ಲ, ಬಿಸಿಯಾದರೆ ಅದೇ ಅನುಮಾನಕ್ಕೆ ಕಾರಣ. ಇನ್ನೊಂದು ಗುರುತು ಟ್ಯೂಬಿನ ಕೆಳತುದಿಯಲ್ಲಿದೆ. ಅಲ್ಲಿ ಬೆಳ್ಳಿಯ ಹೊಳಪು ಇರಬೇಕು. ಗಾಳಿ ಒಳಗೆ ಹೋಗಿದ್ದರೆ ಅದು ಮಸುಕಾಗಿ ಸುಣ್ಣದ ಬಿಳುಪಿಗೆ ತಿರುಗಿರುತ್ತದೆ. ಬಗ್ಗಿ ಟಾರ್ಚ್ ಬಿಟ್ಟು ನೋಡಿದೆ, ಎಲ್ಲವೂ ಹೊಳೆಯುತ್ತಿದ್ದವು. ಟ್ಯಾಂಕಿನಿಂದ ಬಿಸಿನೀರು ಹೊರಡುವ ಪೈಪನ್ನು ಮುಟ್ಟಿದೆ. ಮೊದಲ ಗೇಣಿನಷ್ಟು ಜಾಗದಲ್ಲಿ ಬೆರಳು ಇಡಲಾಗಲಿಲ್ಲ. ಅದೇ ಪೈಪು ಎಲ್ಬೋ ದಾಟಿ ಗೋಡೆಗೆ ಇಳಿಯುವಲ್ಲಿ ತಣ್ಣಗಿತ್ತು.

ಅಂದರೆ ಸೋಲಾರ್ ತನ್ನ ಕೆಲಸ ಮಾಡುತ್ತಿದೆ. ಹಾಗಿದ್ದರೆ ಕೆಳಗೆ ಬಿಸಿನೀರಿನ ನಲ್ಲಿಯಲ್ಲಿ ಧಾರಾಳವಾಗಿ ಬರುತ್ತಿರುವ ನೀರು ಯಾವುದು? ಪೈಪಿನಲ್ಲಿ ಗಾಳಿ ಕಟ್ಟಿದ್ದರೆ ನೀರು ಗೊರಗೊರ ಅಂದು ಸಣ್ಣಗೆ ಬರಬೇಕಿತ್ತು, ಇಲ್ಲವೇ ನಿಂತೇಹೋಗಬೇಕಿತ್ತು.

ಆ ನೀರು ಎಲ್ಲಿಯದೆಂದು ತಿಳಿಯಲು, ಸೋಲಾರಿನ ಬಿಸಿನೀರಿನ ಗೇಟ್‌ವಾಲ್ವನ್ನು ನಾನೇ ಪೂರ್ತಿ ಮುಚ್ಚಿದೆ. ಉಪ್ಪು ಹಿಡಿದು ಬಿಗಿಯಾಗಿತ್ತು, ಸ್ವಲ್ಪ ಸ್ವಲ್ಪ ಹಿಂದೆ ಮುಂದೆ ಆಡಿಸಿ ತಿರುಗಿಸಬೇಕಾಯಿತು. ನಮ್ಮಲ್ಲಿ ಗಾಳಿ ಹೋಗುವ ಪೈಪು ಟ್ಯಾಂಕಿಗೇ ಇರುವುದರಿಂದ ಸ್ವಲ್ಪ ಹೊತ್ತು ಮುಚ್ಚಿಟ್ಟರೆ ತೊಂದರೆಯಿಲ್ಲ. ಮುಚ್ಚಿ, ಮೇಲಿನಿಂದಲೇ ಮನೆಯವರನ್ನು ಕೂಗಿ ಬಿಸಿನೀರಿನ ನಲ್ಲಿ ಬಿಡಲು ಹೇಳಿದೆ.

"ಬರ್ತಾ ಇದೆ ರೀ, ಜೋರಾಗೇ ಬರ್ತಾ ಇದೆ!"

ವಾಲ್ವ್ ಮುಚ್ಚಿದ ಮೇಲೂ ಬರುವ ನೀರು ಸೋಲಾರಿನದಲ್ಲ. ಎಲ್ಲೋ ತಣ್ಣೀರಿನ ಲೈನು ಬಿಸಿನೀರಿನ ಲೈನಿಗೆ ನುಗ್ಗುತ್ತಿದೆ. ಎರಡೂ ಸೇರುವ ಜಾಗ ಮಿಕ್ಸರ್ ನಲ್ಲಿ ಮಾತ್ರ, ಹುಡುಕಬೇಕಾದದ್ದು ಅಲ್ಲೇ.

ನಮ್ಮ ಬಚ್ಚಲಿನ ಮಿಕ್ಸರ್ ಸರಿಯಾಗಿತ್ತು. ಮೇಲಿನ ಮನೆಯ ಬಾಗಿಲು ತಟ್ಟಿದೆ. "ಬನ್ನಿ ಅಂಕಲ್, ನಮಗೂ ಬಿಸಿನೀರಿಲ್ಲ" ಅಂದಳು ಆ ಹುಡುಗಿ. ಹಿಂದಿನ ಸಂಜೆ ಮಗುವಿಗೆ ಸ್ನಾನ ಮಾಡಿಸಲು ಸುಲಭವೆಂದು ಮಿಕ್ಸರ್‌ಗೆ ಉದ್ದ ಪೈಪಿನ ಹ್ಯಾಂಡ್ ಶವರ್ ಹಾಕಿಸಿದ್ದರು, ಹಿಡಿಯಲ್ಲೇ ಒತ್ತುವ ಗುಂಡಿ ಇರುವಂಥದ್ದು. ಮಿಕ್ಸರಿನ ಎರಡೂ ತಿರುಗಣೆ ತೆರೆದೇ ಇದ್ದವು, ನೀರು ನಿಂತದ್ದು ಹಿಡಿಯ ಗುಂಡಿಯಿಂದ. ಹೊರಗೆ ದಾರಿಯಿಲ್ಲ, ಒಳಗೆ ತಣ್ಣೀರು ಬಿಸಿನೀರು ಎರಡರ ನಡುವೆ ಬಾಗಿಲು ಹಾರು ಹೊಡೆದಿದೆ. ಕೆಳಗೆ ನಾವು ಬಿಸಿನೀರಿನ ನಲ್ಲಿ ಬಿಟ್ಟ ಕೂಡಲೇ ತಣ್ಣೀರು ಅಲ್ಲಿಂದ ದಾಟಿ ನಮ್ಮ ಬಕೆಟ್ಟಿಗೆ ಬೀಳುತ್ತಿತ್ತು. ತಣ್ಣೀರಿನ ಪೈಪು ದಪ್ಪ, ದಾರಿ ಹತ್ತಿರ. ಬಿಸಿನೀರಿನದು ಸಣ್ಣದು, ಸಾಲದ್ದಕ್ಕೆ ಒಳಗೆ ಉಪ್ಪು ಕಟ್ಟಿ ಇನ್ನೂ ಕಿರಿದಾಗಿದೆ. ಉಪ್ಪಿನ ಪಾಲು ಇಷ್ಟೇ. ತಣ್ಣೀರಿನ ಲೈನಿಗೆ ಮಾತ್ರ ಪ್ರೆಷರ್ ಪಂಪ್ ಹಾಕಿಸಿದವರ ಮನೆಯಲ್ಲಿ ಈ ಕಾಟ ಇನ್ನೂ ಜಾಸ್ತಿ.

ಎರಡೂ ತಿರುಗಣೆ ಮುಚ್ಚಿ, ತಾರಸಿಯ ವಾಲ್ವ್ ಮತ್ತೆ ತೆರೆದೆ. ಕೆಳಗಿನ ನಲ್ಲಿ ಒಮ್ಮೆ ಕೆಮ್ಮಿತು, ಪೈಪಿನಲ್ಲಿದ್ದ ತಣ್ಣೀರು ಹೋಯಿತು, ಆಮೇಲೆ ಹಬೆ ಬಂತು.

ಬಿಸಿನೀರಿನ ಲೈನಿಗೆ, ನೀರು ಹಿಂದಕ್ಕೆ ಹರಿಯದಂತೆ ತಡೆಯುವ ನಾನ್ ರಿಟರ್ನ್ ವಾಲ್ವ್ ಹಾಕಿಸಿ ಎಂದು ಪ್ಲಂಬರ್ ಹೇಳಿದ. ಪುಸ್ತಕದ ಪ್ರಕಾರ ಅದೇ ಸರಿ. ನಮ್ಮ ನೀರಿಗೆ ಅದರ ಒಳಗಿನ ಮುಚ್ಚಳ ಎಷ್ಟು ದಿನ ಆಡೀತೆಂಬ ನಂಬಿಕೆ ನನಗಿಲ್ಲ. ಹ್ಯಾಂಡ್ ಶವರನ್ನು ಮಿಕ್ಸರಿನಿಂದ ಬಿಚ್ಚಿಸಿ ತಣ್ಣೀರಿನ ಬೇರೆ ನಲ್ಲಿಗೆ ಹಾಕಿಸಿದೆ, ಮಗುವಿಗೆ ಬಕೆಟ್ಟಿನಲ್ಲೇ ಹದ ಮಾಡಿಕೊಳ್ಳುತ್ತಾರೆ. ಆ್ಯಸಿಡ್ ವಾಷ್‌ನವರಿಗೆ ಫೋನ್ ಮಾಡಿ ಬರಬೇಡಿ ಅಂದೆ.

ತಾರಸಿ ಹತ್ತುವವರಿಗೆ ಒಂದು ಎಚ್ಚರಿಕೆ: ಟ್ಯಾಂಕು ಪೂರ್ತಿ ಖಾಲಿಯಾಗಿದ್ದರೆ ಬಿಸಿಲಿನಲ್ಲಿ ನೀರು ಬಿಡಬೇಡಿ. ಕಾದ ಗಾಜಿಗೆ ತಣ್ಣೀರು ಬಿದ್ದರೆ ಟ್ಯೂಬ್ ಸಿಡಿಯುತ್ತದೆ. ಮಾರನೇ ದಿನ ಸೂರ್ಯ ಹುಟ್ಟುವ ಮೊದಲು ತುಂಬಿಸಿ.