ಓದಿನ ಜೊತೆಗೆ ಡಿಸೈನ್ ಕೆಲಸ: ಕೊಪ್ಪಳದ ವಿದ್ಯಾರ್ಥಿ ಮಿತ್ರರಿಗೊಂದು ಸಲಹೆ

ಪಿಯುಸಿ, ಪದವಿ ಓದುತ್ತಲೇ ಲಗ್ನಪತ್ರಿಕೆ, ಫ್ಲೆಕ್ಸ್, ಅಂಗಡಿಯ ಲೋಗೋ ಮಾಡಿಕೊಡುವವರು ನಮ್ಮಲ್ಲಿ ಸಾಕಷ್ಟು ಜನರಿದ್ದೀರಿ. ಜನವರಿಯ ಆಸುಪಾಸಿನಲ್ಲಿ ಗವಿಮಠದ ಜಾತ್ರೆಯ ಕೆಲಸ ಒಮ್ಮೆಲೇ ಬರುತ್ತದೆ, ಅದರ ಬೆನ್ನಿಗೇ ಪಿಯುಸಿ ವಾರ್ಷಿಕ ಪರೀಕ್ಷೆ ಎದುರಾಗುತ್ತದೆ. ಆದ್ದರಿಂದ ಕೆಲಸ ಒಪ್ಪಿಕೊಳ್ಳುವ ಮೊದಲೇ ಪರೀಕ್ಷೆಯ ದಿನಗಳನ್ನು ಗ್ರಾಹಕರಿಗೆ ತಿಳಿಸಿ, ಅರ್ಧ ಹಣವನ್ನು ಮುಂಗಡ ಪಡೆದು, ತಿದ್ದುಪಡಿ ಎರಡು ಸಲ ಮಾತ್ರ ಎಂಬುದನ್ನು ವಾಟ್ಸಾಪಿನಲ್ಲಿ ಬರೆದು ಒಪ್ಪಿಗೆ ಪಡೆಯಿರಿ.

ಹೆಚ್ಚು ಸಮಯ ಹಿಡಿಯುವುದು ಕನ್ನಡ ಅಕ್ಷರಗಳ ಕೆಲಸ. ‘ನುಡಿ’ ತಂತ್ರಾಂಶದ ಹಳೆಯ ಫಾಂಟಿನಲ್ಲಿರುವ ಪಠ್ಯವನ್ನು ಮೊದಲು ಯೂನಿಕೋಡಿಗೆ (ಇಂದಿನ ಕಂಪ್ಯೂಟರುಗಳು ಬಳಸುವ ಸಾಮಾನ್ಯ ಅಕ್ಷರ ಸಂಕೇತಕ್ಕೆ) ಪರಿವರ್ತಿಸಿಕೊಂಡರೆ, ಗೂಗಲ್ ಫಾಂಟ್ಸ್‌ನಲ್ಲಿ ಉಚಿತವಾಗಿ ದೊರೆಯುವ ಬಾಲೂ ತಮ್ಮ, ನೋಟೊ ಸೆರಿಫ್ ಕನ್ನಡ ಮುಂತಾದವನ್ನು ಬಳಸಬಹುದು. ಇವುಗಳ ಪರವಾನಗಿ ವಾಣಿಜ್ಯ ಬಳಕೆಗೂ ಅವಕಾಶ ನೀಡುತ್ತದೆ. ಸಾಲುಗಳ ನಡುವೆ ಜಾಗ ಬಿಡಿ, ಏಕೆಂದರೆ ‘ಲಕ್ಷ್ಮೀ’ಯಂಥ ಪದಗಳ ಒತ್ತುಗಳು ಕೆಳಸಾಲಿನ ಗುಡಿಸುಗಳಿಗೆ ತಾಗುತ್ತವೆ. ಪ್ರೆಸ್ಸಿಗೆ ಕಳಿಸುವ ಮುನ್ನ ಇಂಕ್‌ಸ್ಕೇಪ್ ಎಂಬ ಉಚಿತ ಡಿಸೈನ್ ತಂತ್ರಾಂಶದಲ್ಲಿ ಅಕ್ಷರಗಳನ್ನು ‘ಪಾತ್’ (ಫಾಂಟಿನ ಹಂಗಿಲ್ಲದ ರೇಖಾಕೃತಿ) ಆಗಿ ಬದಲಿಸಿ ಪಿಡಿಎಫ್ ಮಾಡಿದರೆ, ಅಲ್ಲಿನ ಕಂಪ್ಯೂಟರಿನಲ್ಲಿ ಆ ಫಾಂಟ್ ಇಲ್ಲದಿದ್ದರೂ ಅಕ್ಷರ ಒಡೆಯುವುದಿಲ್ಲ. ತಿದ್ದಲು ಬರುವ ಮೂಲ ಪ್ರತಿಯನ್ನು ಮಾತ್ರ ಬೇರೆಯಾಗಿ ಇಟ್ಟುಕೊಳ್ಳಿ.

ಹವ್ಯಾಸವನ್ನು ದಯವಿಟ್ಟು ಬಿಡಬೇಡಿ. ಕಿನ್ನಾಳದ ಮರದ ಗೊಂಬೆಗಳ ರೇಖೆಗಳನ್ನೂ ಬಣ್ಣಗಳನ್ನೂ ಎದುರಿಗೆ ಕುಳಿತು ಬಿಡಿಸುವುದು ಯಾವ ಸಿದ್ಧ ಟೆಂಪ್ಲೇಟಿಗಿಂತಲೂ ಹೆಚ್ಚು ಕಲಿಸುತ್ತದೆ ಎಂದು ನಾನು ನಂಬಿದ್ದೇನೆ. ಅಂತರ್ಜಾಲದಲ್ಲಿ ಸಿಕ್ಕ ಉಪಯುಕ್ತ ಕೊಂಡಿಗಳನ್ನು ಅವುಗಳ ಪರವಾನಗಿಯ ವಿವರದೊಂದಿಗೆ ಒಂದೇ ಕಡತದಲ್ಲಿ ಬರೆದಿಟ್ಟು, ಓದುವ ಹೊತ್ತಿನಲ್ಲಿ ಅದನ್ನು ತೆರೆಯದಿರಿ.