ಹತ್ತನೇ ಕ್ಲಾಸಿನ ಮಕ್ಕಳಿಗೆ ಒಂದೆಲಗದ ಟಬ್

ಪರೀಕ್ಷೆ ಹತ್ತಿರ ಬಂತು ಅಂದರೆ ನಮ್ಮ ತೀರ್ಥಹಳ್ಳಿ ಕಡೆ ಮನೆಗಳಲ್ಲಿ ಒಂದೆಲಗದ ತಂಬುಳಿ ಶುರುವಾಗುತ್ತದೆ. ನಾನು ಇಲ್ಲಿ ಹೈಸ್ಕೂಲಿನಲ್ಲಿ ವಿಜ್ಞಾನ ಟೀಚರ್. ಸೊಪ್ಪು ತಿಂದರೆ ಮಾರ್ಕ್ಸ್ ಬರುತ್ತೆ ಅಂತ ಯಾವ ಮಗುವಿಗೂ ಹೇಳುವುದಿಲ್ಲ. ಆದರೆ ಅದನ್ನು ಮಕ್ಕಳ ಕೈಯಲ್ಲೇ ಬೆಳೆಸುತ್ತೇನೆ. ಸಂಜೆ ಹದಿನೈದು ನಿಮಿಷ ಪುಸ್ತಕ ಬದಿಗಿಟ್ಟು ಮಣ್ಣಲ್ಲಿ ಕೈಯಾಡಿಸುವಾಗ ಮಕ್ಕಳು ತಾವಾಗೇ ಮಾತಾಡುತ್ತಾರೆ. ನನಗೆ ಬೇಕಿರುವುದು ಆ ಮಾತು.

ಮಳೆ ಕಡಿಮೆಯಾಗುವ ಸೆಪ್ಟೆಂಬರಿನಲ್ಲಿ ನೆಡಿ. ಒಡೆದ ಬಕೆಟ್, ಹಳೇ ಟಬ್ ಯಾವುದಾದರೂ ಸಾಕು, ತಳಕ್ಕೆ ತೂತು ಇರಬೇಕು. ತೋಟದ ಮಣ್ಣಿಗೆ ಸ್ವಲ್ಪ ಮರಳು, ಚೆನ್ನಾಗಿ ಕಳಿತ ಸಗಣಿ ಗೊಬ್ಬರ ಬೆರೆಸಿ. ಒಂದೆಲಗದ ಬಳ್ಳಿ ಗಿಣ್ಣುಗಿಣ್ಣಿಗೂ ಬೇರು ಬಿಡುತ್ತದೆ. ಬೇರಿರುವ ಎರಡು ಗಿಣ್ಣಿನ ತುಂಡು ತಂದು ಮಲಗಿಸಿ, ಗಿಣ್ಣಿನ ಮೇಲೆ ಮಣ್ಣು ಒತ್ತಿ. ಅರೆನೆರಳಲ್ಲಿಡಿ, ಒಣಗಲು ಬಿಡಬೇಡಿ. ಇದನ್ನೇ ನಮ್ಮಲ್ಲಿ ಬ್ರಾಹ್ಮಿ ಅಂತಲೂ ಕರೆಯುತ್ತಾರೆ. ಸಣ್ಣ, ದಪ್ಪ ಎಲೆಯ ನೀರುಬ್ರಾಹ್ಮಿ ಬೇರೆಯೇ ಗಿಡ.

ಅಡಿಕೆ ತೋಟದ ಕಪ್ಪಿನಿಂದ (ನೀರು ಬಸಿಯುವ ಕಾಲುವೆ) ಸೊಪ್ಪು ಕಿತ್ತು ತಂದು ನೇರ ಅಡುಗೆಗೆ ಹಾಕಬೇಡಿ. ಮಳೆಗಾಲದಲ್ಲಿ ಮೇಲೆ ಅಡಿಕೆ ಕೊನೆಗೆ ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಹೊಡೆದಿರುತ್ತಾರೆ, ಕೆಳಗಿನ ಎಲೆ ಮೇಲೆಲ್ಲಾ ನೀಲಿ ಚುಕ್ಕೆ. ಚರಂಡಿ ಬದಿಯದಂತೂ ಬೇಡವೇ ಬೇಡ.

ಒಂದು ಟಬ್ಬಿಗೆ ಇಬ್ಬರು: ಹತ್ತನೇ ಕ್ಲಾಸಿನ ಒಬ್ಬರು, ಎಂಟನೇ ಕ್ಲಾಸಿನ ಒಬ್ಬರು. ಒಂದೇ ಕ್ಲಾಸಿನ ಇಬ್ಬರನ್ನು ಹಾಕಿದರೆ ಅಲ್ಲೂ ಪ್ರಶ್ನೆಪತ್ರಿಕೆಯದೇ ಮಾತು. ನೀವು ಪಕ್ಕದಲ್ಲೇ ಕಳೆ ಕೀಳುತ್ತಾ ಇರಿ. "ಓದು ಎಲ್ಲಿಗೆ ಬಂತು?" ಅಂತ ಮಾತ್ರ ಕೇಳಬೇಡಿ. "ರಾತ್ರಿ ನಿದ್ದೆ ಬಂತಾ?" ಅಂತ ಕೇಳಿ.

ಎರಡು ವರ್ಷದ ಹಿಂದೆ ಒಬ್ಬಳ ಟಬ್ ಮೂರು ದಿನ ಒಣಗಿತ್ತು. ಮಣ್ಣು ಅಂಚು ಬಿಟ್ಟು ಬಿರಿದಿತ್ತು. ಕರೆದು ಕೂರಿಸಿಕೊಂಡೆ. ಒಂದು ಎಲೆಯನ್ನು ಚೂರು ಚೂರು ಮಾಡುತ್ತಾ, ತಲೆ ಎತ್ತದೆ, "ಮಿಸ್, ನಂಗೆ ಬೆಳಿಗ್ಗೆ ಏಳೋಕೇ ಮನಸ್ಸಾಗ್ತಿಲ್ಲ" ಅಂದಳು. ಇಂಥ ಮಾತಿಗೆ ತಂಬುಳಿ ಔಷಧಿ ಅಲ್ಲ. ಅವತ್ತೇ ಅವಳಮ್ಮನ ಹತ್ತಿರ ಮಾತಾಡಿ, ಡಾಕ್ಟರ ಹತ್ತಿರ ಕಳಿಸಿದೆವು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಲ್ಲಾದರೂ ಫೋನ್ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಟಬ್ಬಿನ ಪಕ್ಕದ ಗೋಡೆ ಮೇಲೆ ಆ ನಂಬರ್ ದೊಡ್ಡದಾಗಿ ಬರೆಸಿ.

ಅಶ್ವಗಂಧದ ಮಾತ್ರೆ, ಪುಡಿ ಅಂಗಡಿಯಿಂದ ತಂದು ಮಕ್ಕಳಿಗೆ ಕೊಡುವವರಿದ್ದಾರೆ. ದಯವಿಟ್ಟು ಡಾಕ್ಟರನ್ನು ಕೇಳದೆ ಕೊಡಬೇಡಿ. ಅದರಿಂದ ಲಿವರಿಗೆ ಪೆಟ್ಟಾದ ಉದಾಹರಣೆಗಳಿವೆ. ಮಗು ಈಗಾಗಲೇ ಬೇರೆ ಔಷಧಿ ತಗೊಳ್ತಿದ್ದರೆ ಇನ್ನೂ ಜಾಸ್ತಿ ಹುಷಾರಾಗಿರಿ.

ತಂಬುಳಿಗೆ ಬಳ್ಳಿ ಕೀಳದೆ ಎಲೆಯನ್ನು ದಂಟಿನ ಸಮೇತ ಚಿವುಟಿ. ನಾಲ್ಕು ಜನಕ್ಕೆ ಒಂದು ಹಿಡಿ ಸಾಕು. ನಾಲ್ಕೈದು ನೀರಲ್ಲಿ ತೊಳೆಯಿರಿ. ಒಂದು ಚಮಚ ತುಪ್ಪದಲ್ಲಿ ಅರ್ಧ ಚಮಚ ಜೀರಿಗೆ, ಐದಾರು ಕಾಳುಮೆಣಸು ಹುರಿದು, ಸೊಪ್ಪು ಹಾಕಿ ಬಾಡಿಸಿ. ಆರಿದ ಮೇಲೆ ಅರ್ಧ ಕಪ್ ಕಾಯಿತುರಿ ಜೊತೆ ನುಣ್ಣಗೆ ರುಬ್ಬಿ, ಎರಡು ಕಪ್ ಮಜ್ಜಿಗೆ, ಉಪ್ಪು ಸೇರಿಸಿ, ಸಾಸಿವೆ ಒಗ್ಗರಣೆ ಕೊಡಿ. ಮತ್ತೆ ಕುದಿಸಬೇಡಿ. ನಾವು ಶನಿವಾರ ಮಧ್ಯಾಹ್ನ ಮಾಡುತ್ತೇವೆ, ಬಡಿಸುವುದು ಮಕ್ಕಳೇ.

ಪರೀಕ್ಷೆ ಮುಗಿದ ದಿನ ಒಂದೊಂದು ಬಳ್ಳಿ ತುಂಡನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಹತ್ತನೇ ಕ್ಲಾಸಿನವರ ಕೈಗೆ ಕೊಡಿ. ರಜೆಯಲ್ಲಿ ಟಬ್ಬಿಗೆ ನೀರು ಹಾಕುವವರು ಯಾರು ಅಂತ ಅಷ್ಟರೊಳಗೆ ಗೊತ್ತು ಮಾಡಿಕೊಂಡಿರಿ.