ಅಸ್ಟಾಕ್ಸಾಂಥಿನ್: ಪಾಚಿಯ ಕೆಂಪನ್ನು ಅರಿತು ಬಳಸುವ ಬಗೆ

ಚಿತ್ರದುರ್ಗದ ಕೋಟೆಯ ಬಂಡೆಗಳ ಮೇಲೆ ಮಳೆಗಾಲದಲ್ಲಿ ನೀರು ನಿಲ್ಲುವ ದೊಣೆಗಳನ್ನು ಕಂಡವರಿಗೆ, ಹೆಮಟೊಕಾಕಸ್ ಎಂಬ ಸೂಕ್ಷ್ಮ ಪಾಚಿ ಎಂಥ ಜಾಗದಲ್ಲಿ ಬದುಕುತ್ತದೆ ಎಂದು ಹೆಚ್ಚು ವಿವರಿಸಬೇಕಾಗಿಲ್ಲ. ಜಗತ್ತಿನ ಹಲವೆಡೆ ಅದರ ನೆಲೆ ಇಂಥದ್ದೇ: ಮಳೆಗೆ ತುಂಬಿ ಬಿಸಿಲಿಗೆ ಆರಿಹೋಗುವ ಕಲ್ಲುಗುಂಡಿ. ನೀರಿರುವಷ್ಟು ದಿನ ಹಸಿರಾಗಿ ಈಜಾಡಿಕೊಂಡಿರುವ ಈ ಏಕಕೋಶ ಜೀವಿ, ನೀರು ಬತ್ತಿ, ಸಾರಜನಕ ಕಡಿಮೆಯಾಗಿ, ಬಿಸಿಲು ಏರಿದಾಗ ದಪ್ಪ ಗೋಡೆ ಕಟ್ಟಿಕೊಂಡು ಒಳಗೆ ಕೆಂಪು ಬಣ್ಣವನ್ನು ತುಂಬಿಕೊಳ್ಳುತ್ತದೆ. ಆ ಬಣ್ಣವೇ ಅಸ್ಟಾಕ್ಸಾಂಥಿನ್. ಪಾಚಿಯ ಪಾಲಿಗೆ ಅದು ಬಿಸಿಲಿಗೆ ಹಿಡಿದ ಕೊಡೆ. ಈ ಬಣ್ಣವನ್ನು ಪೂರಕ ಗುಳಿಗೆಯಾಗಿ ಮಾರುವ ತಯಾರಕರು ಮಾಡುವುದೂ ಇದನ್ನೇ. ತೊಟ್ಟಿಗಳಲ್ಲಿ ಅಥವಾ ಗಾಜಿನ ಕೊಳವೆಗಳಲ್ಲಿ ಪಾಚಿಯನ್ನು ಹಸಿರಾಗಿ ಬೆಳೆಸಿ, ಆಮೇಲೆ ಬೇಕೆಂದೇ ಪೋಷಕಾಂಶ ಕಡಿತಗೊಳಿಸಿ ಪ್ರಖರ ಬೆಳಕಿಗೆ ಒಡ್ಡುತ್ತಾರೆ. ಹಾಗೆ ಕೆಂಪಾದ ಪಾಚಿಯ ಒಣತೂಕದಲ್ಲಿ ಈ ಬಣ್ಣದ ಪಾಲು ಶೇ 3ರಿಂದ 5ರವರೆಗೂ ಏರುತ್ತದೆ. (ಕೋಟೆಯ ದೊಣೆಯಲ್ಲಿ ಎಂದಾದರೂ ಕೆಂಪು ನೀರು ಕಂಡರೆ ಅದನ್ನು ಔಷಧವೆಂದು ತುಂಬಿಕೊಂಡು ಬರಬಾರದು, ನೀರನ್ನು ಕೆಂಪಾಗಿಸುವ ಜೀವಿಗಳು ಹಲವು, ಅವುಗಳಲ್ಲಿ ಹಾನಿಕರವಾದವೂ ಇವೆ.)

ಸಿಗಡಿಯನ್ನು ಬೇಯಿಸಿದಾಗ ಬರುವ ಕೆಂಪು ಬಣ್ಣವೂ ಇದೇ. ಹಸಿ ಸಿಗಡಿಯಲ್ಲಿ ಅದು ಪ್ರೋಟೀನಿಗೆ ಅಂಟಿಕೊಂಡು ಬೂದುನೀಲಿಯಾಗಿ ಕಾಣುತ್ತದೆ, ಬಿಸಿ ತಾಗಿದೊಡನೆ ಬಿಡಿಸಿಕೊಂಡು ಕೆಂಪಾಗುತ್ತದೆ. ನಮ್ಮ ಸಂತೆಯಲ್ಲಿ ಸಿಗುವ ಯಾವ ಕಾಯಿಪಲ್ಯದಲ್ಲಿಯೂ ಈ ಬಣ್ಣ ದೊರೆಯದು. ಗಜ್ಜರಿಯಲ್ಲಿರುವುದು ಬೀಟಾ ಕ್ಯಾರೊಟಿನ್. ಸ್ಪಿರುಲಿನಾ ಎಂಬ ನೀಲಿಹಸಿರು ಪಾಚಿಯ ವಿಶೇಷವೆಂದರೆ ಫೈಕೊಸಯನಿನ್ ಎಂಬ ನೀಲಿ ಬಣ್ಣ. ಆದ್ದರಿಂದ ಸ್ಪಿರುಲಿನಾ ಪುಡಿ ತಿಂದರೆ ಅಸ್ಟಾಕ್ಸಾಂಥಿನ್ ಸಿಕ್ಕಿತೆಂದು ತಿಳಿಯುವುದು ತಪ್ಪು. ಅಸ್ಟಾಕ್ಸಾಂಥಿನ್ ನಮ್ಮ ದೇಹದಲ್ಲಿ ಎ ಜೀವಸತ್ವವಾಗಿಯೂ ಮಾರ್ಪಡುವುದಿಲ್ಲ. ಇರುಳುಗುರುಡಿಗೆ ಇದು ಮದ್ದಲ್ಲ.

ಇದರಿಂದ ಏನು ಪ್ರಯೋಜನ? ಉಸಿರಾಟ, ಬಿಸಿಲು, ಹೊಗೆ ಇವುಗಳಿಂದ ದೇಹದಲ್ಲಿ ಹುಟ್ಟುವ ಉಗ್ರ ಆಮ್ಲಜನಕ ರೂಪಗಳು ಜೀವಕೋಶದ ಪೊರೆಯ ಕೊಬ್ಬನ್ನು ಕೆಡಿಸುತ್ತವೆ. ಅಸ್ಟಾಕ್ಸಾಂಥಿನ್‌ನ ಅಣು ಆ ಪೊರೆಯ ಒಳಬದಿಯಿಂದ ಹೊರಬದಿಯವರೆಗೆ ಅಡ್ಡಲಾಗಿ ನಿಲ್ಲಬಲ್ಲದಾದ್ದರಿಂದ ಅವುಗಳನ್ನು ತಣಿಸುವ ಶಕ್ತಿ ಅದಕ್ಕೆ ಹೆಚ್ಚು. ಸಿ ಜೀವಸತ್ವಕ್ಕಿಂತ ಸಾವಿರಾರು ಪಟ್ಟು ಶಕ್ತಿಶಾಲಿ ಎಂದು ಜಾಹೀರಾತುಗಳು ಹೇಳುವುದು ಪ್ರಯೋಗಾಲಯದ ಅಳತೆಯೇ ಹೊರತು ಮನುಷ್ಯನ ದೇಹದಲ್ಲಿ ಕಂಡ ಫಲವಲ್ಲ. ಮನುಷ್ಯರ ಮೇಲೆ ನಡೆದ ಅಧ್ಯಯನಗಳಲ್ಲಿ ಬಹುಪಾಲು ಚಿಕ್ಕವು, ಕೆಲವು ವಾರಗಳಿಂದ ಕೆಲವು ತಿಂಗಳವರೆಗಿನವು. ಚರ್ಮದ ತೇವ ಮತ್ತು ಸಣ್ಣ ಸುಕ್ಕು, ಕಂಪ್ಯೂಟರ್ ನೋಡಿ ದಣಿದ ಕಣ್ಣು, ಈ ಎರಡರಲ್ಲಿ ಅವು ಸ್ವಲ್ಪ ಉಪಯೋಗವನ್ನು ತೋರಿಸಿವೆ; ವ್ಯಾಯಾಮದ ದಣಿವಿನ ವಿಷಯದಲ್ಲಿ ಫಲಿತಾಂಶ ಒಂದೇ ತೆರನಾಗಿಲ್ಲ. ಸಕ್ಕರೆ ಕಾಯಿಲೆ, ಹೃದ್ರೋಗ, ಕ್ಯಾನ್ಸರ್ ವಾಸಿಯಾಗುತ್ತವೆ ಎಂದು ಹೇಳಿ ಮಾರುವವರಿಂದ ಕೊಳ್ಳದಿರುವುದೇ ಲೇಸು.

ಕೊಳ್ಳುವಾಗ ಮೊದಲು ನೋಡಬೇಕಾದುದು ಬೆಲೆಯನ್ನಲ್ಲ, ಮಿಲಿಗ್ರಾಂ ಲೆಕ್ಕವನ್ನು. ಬಾಟಲಿಯ ಮುಂಭಾಗದಲ್ಲಿ ದೊಡ್ಡದಾಗಿ ‘40 ಮಿ.ಗ್ರಾಂ’ ಎಂದಿದ್ದರೆ ಅದು ಪಾಚಿಯ ಸಾರದ ತೂಕವಿರಬಹುದು. ಹಿಂಭಾಗದಲ್ಲಿ ‘ಶೇ 10 ಅಸ್ಟಾಕ್ಸಾಂಥಿನ್’ ಎಂದಿದ್ದರೆ ನಿಮಗೆ ಸಿಗುವುದು 4 ಮಿ.ಗ್ರಾಂ ಮಾತ್ರ. ಶೇ 5ರ ಸಾರವಾದರೆ ಅಷ್ಟೇ ಬಣ್ಣಕ್ಕೆ 80 ಮಿ.ಗ್ರಾಂ ಸಾರ ಬೇಕು. ಶೇಕಡಾವಾರು ಬರೆಯದ ಬಾಟಲಿಯನ್ನು ಅಂಗಡಿಯವರಿಗೇ ಹಿಂತಿರುಗಿಸಿ. ಪಾಚಿಯ ಹೆಸರು ನಮೂದಾಗಿದೆಯೇ ಎಂಬುದನ್ನೂ ಗಮನಿಸಿ, ಏಕೆಂದರೆ ಪೆಟ್ರೋಲಿಯಂ ಮೂಲದ ವಸ್ತುಗಳಿಂದ ಕೃತಕವಾಗಿ ತಯಾರಿಸಿದ ಅಸ್ಟಾಕ್ಸಾಂಥಿನ್ ಕೂಡ ಇದೆ. ಸಾಕಿದ ಸಾಲ್ಮನ್ ಮೀನಿನ ಮಾಂಸಕ್ಕೆ ಬಣ್ಣ ಬರಿಸಲು ಮೇವಿನಲ್ಲಿ ಬೆರೆಸುವುದು ಹೆಚ್ಚಾಗಿ ಅದನ್ನು. ಎಫ್‌ಎಸ್‌ಎಸ್‌ಎಐ (ಭಾರತದ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ) ಪರವಾನಗಿಯ 14 ಅಂಕಿಗಳ ಸಂಖ್ಯೆ ಇರಲೇಬೇಕು. ಇನ್ನು ಸಸ್ಯಾಹಾರಿಗಳು ಒಂದು ಮಾತನ್ನು ಮರೆಯಬಾರದು: ಒಳಗಿನ ಎಣ್ಣೆ ಪಾಚಿಯದ್ದೇ ಆದರೂ ಮೆತ್ತನೆಯ ಕ್ಯಾಪ್ಸೂಲಿನ ಹೊರಚಿಪ್ಪು ಸಾಮಾನ್ಯವಾಗಿ ಜಿಲೆಟಿನ್‌ನದು, ಅಂದರೆ ಪ್ರಾಣಿಗಳ ಚರ್ಮ, ಮೂಳೆಗಳಿಂದ ಬಂದದ್ದು. ಲಿಂಗ ಕಟ್ಟಿದವರ ಮನೆಗಳೇ ಹೆಚ್ಚಿರುವ ನಮ್ಮ ಓಣಿಗಳಲ್ಲಿ ಇದನ್ನು ತಿಳಿಯದೆ ನುಂಗುತ್ತಿರುವವರು ಕಡಿಮೆಯಿರಲಾರರು. ಸಸ್ಯಜನ್ಯ ಚಿಪ್ಪಿನವೂ ಸಿಗುತ್ತವೆ, ಕೇಳಿ ಪಡೆಯಬೇಕು.

ಸೇವನೆಯಲ್ಲಿ ಮುಖ್ಯವಾದುದು ಹೊತ್ತಲ್ಲ, ಜಿಡ್ಡು. ಇದು ಕೊಬ್ಬಿನಲ್ಲಿ ಕರಗುವ ವಸ್ತುವಾದ್ದರಿಂದ ಬರಿಹೊಟ್ಟೆಯಲ್ಲಿ ನೀರಿನೊಡನೆ ನುಂಗಿದರೆ ಬಹುಭಾಗ ಹಾಗೆಯೇ ಹೊರಹೋಗುತ್ತದೆ. ದಾವಣಗೆರೆಯವರಿಗೆ ಬೆಣ್ಣೆ ದೋಸೆಯ ನಂತರ ತೆಗೆದುಕೊಳ್ಳಿ ಎಂದರೆ ಬೇರೆ ವಿವರಣೆ ಬೇಡ. ಆದರೆ ಅದಕ್ಕಾಗಿ ದಿನವೂ ಹೋಟೆಲಿಗೆ ಹೋಗುವ ಅಗತ್ಯವಿಲ್ಲ. ಶೇಂಗಾ ಚಟ್ನಿಪುಡಿಗೆ ಎಣ್ಣೆ ಬೆರೆಸಿಕೊಂಡು ತಿನ್ನುವ ಮಧ್ಯಾಹ್ನದ ರೊಟ್ಟಿ ಊಟವೂ ಸಾಕಾಗುತ್ತದೆ. ಆರೋಗ್ಯವಂತ ವಯಸ್ಕರು ದಿನಕ್ಕೆ 4 ಮಿ.ಗ್ರಾಂನಿಂದ ತೊಡಗಿ, ಎರಡು ಮೂರು ತಿಂಗಳು ನೋಡಿ, ತಮಗೆ ವ್ಯತ್ಯಾಸ ಕಾಣದಿದ್ದರೆ ನಿಲ್ಲಿಸಬಹುದು. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರವು 2020ರಲ್ಲಿ ವಯಸ್ಕರಿಗೆ ದಿನಕ್ಕೆ 8 ಮಿ.ಗ್ರಾಂವರೆಗಿನ ಪೂರಕವನ್ನು ಸುರಕ್ಷಿತವೆಂದು ಹೇಳಿದೆ. ಮಕ್ಕಳಿಗೆ ಆ ಪ್ರಮಾಣ ಅನ್ವಯಿಸುವುದಿಲ್ಲ. ಹೆಚ್ಚು ತಿಂದರೆ ಹೆಚ್ಚು ಗುಣ ಎಂಬ ಎಣಿಕೆ ಇದೇ ಕುಟುಂಬದ ಬೀಟಾ ಕ್ಯಾರೊಟಿನ್ ವಿಷಯದಲ್ಲಿ ಒಮ್ಮೆ ತಲೆಕೆಳಗಾಗಿದೆ: ಫಿನ್ಲೆಂಡಿನಲ್ಲಿ ಸುಮಾರು 29,000 ಧೂಮಪಾನಿ ಗಂಡಸರ ಮೇಲೆ ನಡೆದ, 1994ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ದಿನಕ್ಕೆ 20 ಮಿ.ಗ್ರಾಂ ತೆಗೆದುಕೊಂಡವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಿಮೆಯಾಗುವ ಬದಲು ಹೆಚ್ಚಾಯಿತು. ಅಸ್ಟಾಕ್ಸಾಂಥಿನ್ ಬೇರೆಯದೇ ವಸ್ತು ನಿಜ, ಆದರೂ ಬೀಡಿ ಸೇದಿಕೊಂಡೇ ಮೇಲೊಂದು ಕೆಂಪು ಗುಳಿಗೆ ನುಂಗಿ ಸರಿದೂಗಿಸುತ್ತೇನೆ ಎನ್ನುವ ಲೆಕ್ಕಾಚಾರ ಯಾರಿಗೂ ಬೇಡ.

ಗರ್ಭಿಣಿಯರು ಮತ್ತು ಹಾಲೂಡಿಸುವ ತಾಯಂದಿರು ಇದನ್ನು ಬಿಡುವುದು ಒಳ್ಳೆಯದು. ರಕ್ತ ಹೆಪ್ಪುಗಟ್ಟದಂತೆ ಮಾತ್ರೆ ತೆಗೆದುಕೊಳ್ಳುವವರು, ರಕ್ತದೊತ್ತಡ ಅಥವಾ ಸಕ್ಕರೆ ಕಾಯಿಲೆಗೆ ಔಷಧ ಸೇವಿಸುವವರು, ಶಸ್ತ್ರಚಿಕಿತ್ಸೆಗೆ ದಿನ ಗೊತ್ತಾದವರು ಬಾಟಲಿಯನ್ನೇ ಒಯ್ದು ವೈದ್ಯರಿಗೆ ತೋರಿಸಿ ಕೇಳಬೇಕು. ಸೇವನೆ ತೊಡಗಿದ ಮೇಲೆ ಮಲ ಕೆಂಪಾಗಿ ಕಂಡರೆ ಅದು ಬಣ್ಣದ್ದೇ ಇರಬಹುದು. ಆದರೆ ಗುಳಿಗೆ ನಿಲ್ಲಿಸಿ ಕೆಲವು ದಿನಗಳಾದರೂ ಕೆಂಪು ಹೋಗದಿದ್ದರೆ, ಅಥವಾ ನೋವಿದ್ದರೆ, ಮೂಲವ್ಯಾಧಿಯೋ ಬೇರೇನೋ ಎಂದು ಪರೀಕ್ಷೆ ಮಾಡಿಸಿಕೊಳ್ಳಲು ತಡಮಾಡಬಾರದು.

ಪಾಚಿಯನ್ನು ಬಿಸಿಲಿನಿಂದ ಕಾಯುವ ಈ ಬಣ್ಣ, ಪಾಚಿಯಿಂದ ಹೊರಬಂದ ಮೇಲೆ ಬೆಳಕು, ಗಾಳಿ, ಶಾಖಕ್ಕೆ ತಾನೇ ಕೆಡುತ್ತದೆ. ನಮ್ಮ ಕಡೆಯ ಏಪ್ರಿಲ್ ತಿಂಗಳ ಸೆಕೆಯಲ್ಲಿ ಕಿಟಕಿಯ ಬದಿ ಅಥವಾ ಒಲೆಯ ಮೇಲಿನ ಗೂಡಿನಲ್ಲಿಟ್ಟ ಕ್ಯಾಪ್ಸೂಲುಗಳು ಮೆತ್ತಗಾಗಿ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಬೆಳಕು ತೂರದ ಬಾಟಲಿಯದನ್ನೇ ಕೊಂಡು, ಬಿಗಿಯಾಗಿ ಮುಚ್ಚಿ, ಕಪಾಟಿನ ತಣ್ಣನೆಯ ಮೂಲೆಯಲ್ಲಿಡಿ. ಅಗ್ಗವೆಂದು ವರ್ಷಕ್ಕಾಗುವಷ್ಟನ್ನು ಒಮ್ಮೆಗೇ ತರದೆ ಎರಡು ತಿಂಗಳಿಗೆ ಸಾಕಾಗುವಷ್ಟನ್ನು ಮಾತ್ರ ತನ್ನಿ.